ಒಸಾಕಾ ಕ್ಯಾಸೆಟ್ಟಿನಲ್ಲಿ ದಾವಣಗೆರೆ ರೈಲು: ಲೈವ್ ರಾಕ್ ರೆಕಾರ್ಡಿಂಗ್ ಹುಚ್ಚು ಇರುವವರು ಬನ್ನಿ

ಸಿ60, ದಾವಣಗೆರೆ

ಮೊನ್ನೆ ಭಾನುವಾರ ಅಟ್ಟದಿಂದ ಹಳೇ ಬಿಸ್ಕತ್ತು ಡಬ್ಬಿ ಇಳಿಸಿದೆ. ಒಳಗೆ 41 ಕ್ಯಾಸೆಟ್. ಒಂದೊಂದೇ ಒರೆಸಿ ಇಡುತ್ತಿದ್ದಾಗ ಮನೆಯವಳು ಕೇಳಿದಳು, "ಇದರಲ್ಲಿ ಮುಕ್ಕಾಲು ಪಾಲು ಬರೀ ಚಪ್ಪಾಳೆ ಇರೋವೇ. ಹಾಡನ್ನ ಹಾಡಿನ ಥರ ಕೇಳೋಕೆ ಏನ್ ಕಷ್ಟ ನಿಮಗೆ?" ಪ್ರಶ್ನೆ ಹೊಸದಲ್ಲ. ಉತ್ತರ ಮಾತ್ರ ನನ್ನ ಬಾಯಿಗೆ ಯಾವತ್ತೂ ಸರಿಯಾಗಿ ಬಂದಿಲ್ಲ. ಬರೆದರೆ ಬಂದೀತೇನೋ ಅಂತ ಕೂತಿದ್ದೇನೆ. ಉದ್ದ ಆಗುತ್ತದೆ, ಮಂಡಕ್ಕಿ ಮಿರ್ಚಿ ಪಕ್ಕಕ್ಕಿಟ್ಟುಕೊಂಡು ಓದಿ.

1991. ನಾನು ಪಿಯುಸಿ. ನಮ್ಮ ಮನೆ ಅಶೋಕ ಟಾಕೀಸ್ ರೈಲ್ವೆ ಗೇಟಿನಿಂದ ಕೂಗಳತೆ ದೂರ. ಅಪ್ಪನಿಗೆ ಹತ್ತಿ ಮಿಲ್ಲಿನಲ್ಲಿ ಕೆಲಸ, ಸಂಬಳ ಯಾವ ತಿಂಗಳು ಬರುತ್ತದೋ ಯಾವ ತಿಂಗಳು ನಿಲ್ಲುತ್ತದೋ ಅನ್ನುವ ಕಾಲ, ಹಾಗಾಗಿ ಮಾಳಿಗೆ ರೂಮನ್ನು ಬಾಡಿಗೆಗೆ ಕೊಟ್ಟಿದ್ದೆವು. ಕೇರಳದಿಂದ ಮೆಡಿಕಲ್ ಓದೋಕೆ ಬಂದಿದ್ದ ಒಬ್ಬ ಅಣ್ಣ ಇದ್ದರು. ಅವರ ಹತ್ತಿರ ಒಂದು ಟೂ ಇನ್ ಒನ್, ಟ್ರಂಕಿನ ತುಂಬ ಕ್ಯಾಸೆಟ್. ಪರೀಕ್ಷೆ ಹತ್ತಿರ ಬಂದಷ್ಟೂ ವಾಲ್ಯೂಮ್ ಜಾಸ್ತಿ.

ಒಂದು ಸಂಜೆ ಮೇಲಿಂದ ಜೋರು ಮಳೆ ಸದ್ದು. ಒಣಹಾಕಿದ ಬಟ್ಟೆ ತರೋಕೆ ಅಮ್ಮ ಹಿತ್ತಲಿಗೆ ಓಡಿದರು. ನೋಡಿದರೆ ಬಿಸಿಲು. ಮಳೆ ಅಲ್ಲ ಅದು, ಜಪಾನಿನವರ ಚಪ್ಪಾಳೆ. ಡೀಪ್ ಪರ್ಪಲ್ ಅನ್ನೋ ಇಂಗ್ಲೆಂಡಿನ ರಾಕ್ ಬ್ಯಾಂಡು ಒಸಾಕಾ, ಟೋಕಿಯೋದಲ್ಲಿ ಜನದ ಮುಂದೆ ಬಾರಿಸಿದ ಲೈವ್ ಆಲ್ಬಂ ಮೇಡ್ ಇನ್ ಜಪಾನ್ ನಮ್ಮ ಮನೆಗೆ ಬಂದದ್ದು ಹೀಗೆ.

ನನಗೂ ಒಂದು ಕಾಪಿ ಬೇಕು ಅಂದೆ. ಡಬಲ್ ಡೆಕ್ ಯಾರ ಹತ್ತಿರವೂ ಇರಲಿಲ್ಲ. ವೈರು ಹಾಕಿ ಕಾಪಿ ಮಾಡಬಹುದು ಅಂತಲೂ ಗೊತ್ತಿರಲಿಲ್ಲ. ರೂಮಿನಲ್ಲಿ ಪ್ಲಗ್ ಪಾಯಿಂಟ್ ಒಂದೇ, ಅದಕ್ಕೆ ಎರಡೂ ಮಷಿನ್ ಕೆಳಗೆ ಪಡಸಾಲೆಗೆ ತಂದೆವು. ಅವರ ಟೂ ಇನ್ ಒನ್ ಸ್ಪೀಕರ್ ಮುಂದೆ ನಮ್ಮ ಟೇಪ್ ರೆಕಾರ್ಡರ್ ಇಟ್ಟು ಅದರ ಮೈಕಿನಲ್ಲೇ ಹಿಡಿದೆ. ಹಾಗಾಗಿ ನನ್ನ ಕಾಪಿಯಲ್ಲಿ ಒಸಾಕಾ ಒಂದೇ ಇಲ್ಲ. ಮೊದಲ ಹಾಡಿನ ನಡುವೆ ರೈಲು ಕೂಗುತ್ತದೆ. ಆಮೇಲೆ ಕುಕ್ಕರ್ ಎರಡು ವಿಷಲ್ ಹಾಕುತ್ತದೆ. ಒಂದು ಕಡೆ ಅಮ್ಮ, "ಹಾಲು ಇಟ್ಟೀನಿ, ನೋಡ್ಕೋ" ಅನ್ನುತ್ತಾರೆ. ನಾನು ಬಾಯಿ ಬಿಡಂಗಿಲ್ಲ, ರೆಕಾರ್ಡ್ ಆಗುತ್ತಿದೆ. ಹಾಲು ಉಕ್ಕಿತು, ಅದರ ಬೈಗುಳ ರೆಕಾರ್ಡ್ ಆಗಿಲ್ಲ ಸದ್ಯ.

ಇನ್ನೊಂದು ತಮಾಷೆ. ಆಲ್ಬಂ ಇರೋದು 76 ನಿಮಿಷದ ಆಸುಪಾಸು. ನನ್ನ ಕೈಲಿದ್ದದ್ದು ಒಂದೇ ಒಂದು ಅರವತ್ತು ನಿಮಿಷದ ಖಾಲಿ ಕ್ಯಾಸೆಟ್, ಸಿ60 ಅಂತಾರಲ್ಲ ಅದು. ಎ ಸೈಡು ಮುಗಿಯುವಾಗ ನಾಲ್ಕನೇ ಹಾಡು ಶುರುವಾಗಿ ಎರಡು ನಿಮಿಷಕ್ಕೆ ಟಕ್. ಬಿ ಸೈಡಿನಲ್ಲಿ ಕೊನೆಯ ಹಾಡು ಸ್ಪೇಸ್ ಟ್ರಕಿನ್ ಸುಮಾರು 20 ನಿಮಿಷದ್ದು, ಅದು ಒಂಬತ್ತು ನಿಮಿಷ ಓಡಿ ಟಕ್. ಆ ಅಣ್ಣ ಕೋರ್ಸ್ ಮುಗಿಸಿ ಹೋದರು. ಉಳಿದ ಅರ್ಧ ಹೇಗಿದೆ ಅಂತ ನನಗೆ ಗೊತ್ತಾಗಿದ್ದು 2003ರಲ್ಲಿ, ಬೆಂಗಳೂರಿನಿಂದ ಸಿಡಿ ತಂದಮೇಲೆ. ಕೇಳುತ್ತಾ ಕೂತರೆ ಒಂಬತ್ತನೇ ನಿಮಿಷಕ್ಕೆ ಕಿವಿ ತಾನಾಗಿ ಆ ಟಕ್‌ಗೆ ಕಾಯಿತು. ಬರಲಿಲ್ಲ. ಹಾಡು ಮುಂದಕ್ಕೆ ಹೋಗೇ ಹೋಯಿತು. ಖುಷಿಗಿಂತ ಜಾಸ್ತಿ ಕಕ್ಕಾಬಿಕ್ಕಿ.

ಅದರ ಕಥೆ ಗೊತ್ತಿಲ್ಲದವರಿಗೆ: 1972ರ ಆಗಸ್ಟ್ 15 ಮತ್ತು 16 ಒಸಾಕಾ, 17 ಟೋಕಿಯೋದ ಬುಡೋಕಾನ್. ನಾವು ಇಲ್ಲಿ ಸ್ವಾತಂತ್ರ್ಯದ 25ನೇ ವರ್ಷದ ಲಾಡು ಹಂಚುತ್ತಿದ್ದ ದಿನ ಅವರು ಅಲ್ಲಿ ಸ್ಮೋಕ್ ಆನ್ ದ ವಾಟರ್ ಬಾರಿಸುತ್ತಿದ್ದರು, ಆಲ್ಬಮ್ಮಿನಲ್ಲಿ ಇರುವುದು ಅದೇ ರಾತ್ರಿಯದ್ದು. ಎಂಟು ಸದ್ದನ್ನ ಬೇರೆ ಬೇರೆಯಾಗಿ ಹಿಡಿಯುವ ಎಂಟು ಟ್ರ್ಯಾಕಿನ ಮಷಿನ್, ಇಂಜಿನಿಯರ್ ಮಾರ್ಟಿನ್ ಬರ್ಚ್. ಜಪಾನಿನ ಕಂಪನಿ ಕೇಳಿತು ಅಂತ ಒಪ್ಪಿಕೊಂಡದ್ದು, ಬ್ಯಾಂಡಿನವರಿಗೆ ಆಸಕ್ತಿ ಅಷ್ಟಕ್ಕಷ್ಟೇ. ಆ ಟ್ರ್ಯಾಕುಗಳನ್ನ ಹದ ನೋಡಿ ಸೇರಿಸುವ ಮಿಕ್ಸಿಂಗ್‌ಗೆ ಐದು ಜನರಲ್ಲಿ ಬಂದವರು ಇಬ್ಬರೇ. ಹಾಗೆ ಬೇಡದ ಮಗುವಿನ ಥರ ಹುಟ್ಟಿದ್ದು ಲೈವ್ ರಾಕ್‌ಗೆ ಅಳತೆಗೋಲು ಆಯಿತು. ಅದರಲ್ಲಿ ಹಾಡುವ ಗಿಲನ್ ಮತ್ತು ಗಿಟಾರಿನ ಬ್ಲ್ಯಾಕ್‌ಮೋರ್ ನಡುವೆ ಒಂದು ಸವಾಲ್ ಜವಾಬ್ ಇದೆ, ಗಿಟಾರ್ ಒಂದು ಸ್ವರ ಎಸೆಯುತ್ತದೆ, ಗಂಟಲು ಅದನ್ನೇ ವಾಪಸ್ ಎಸೆಯುತ್ತದೆ. ಎಲ್ಲಿ ಸೋಲುತ್ತಾನೋ ಅಂತ ನಾವು ತುದಿಗಾಲಲ್ಲಿ. ಇದನ್ನ ಸ್ಟುಡಿಯೋದಲ್ಲಿ ಹೇಗ್ರೀ ಮಾಡ್ತೀರಿ? ಸೋತರೆ ಇನ್ನೊಂದು ಟೇಕ್ ತಗೋತಾರೆ. ಸೋಲೋ ಭಯ ಇಲ್ಲದ ಮೇಲೆ ಅದೆಂಥ ಸವಾಲ್?

ನಿಮ್ಮದು ಹೇಳಿ. ಯಾವ ಲೈವ್, ಯಾಕೆ.

ಎರಡನೇ ಸಾಲಿನವಳು, ಬೆಂಗಳೂರು (ಓದಿದ್ದು ದಾವಣಗೆರೆ)

ಅಣ್ಣಾ, ವಿದ್ಯಾನಗರದ ಲೇಡೀಸ್ ಹಾಸ್ಟೆಲ್‌ನಲ್ಲಿ ಐರನ್ ಮೇಡನ್ ಅನ್ನೋ ಹೆವಿ ಮೆಟಲ್ ಬ್ಯಾಂಡ್ ಕೇಳುತ್ತಿದ್ದ ಒಬ್ಬಳೇ ಹುಡುಗಿ ನಾನು. ವಾರ್ಡನ್ ನಮ್ಮಮ್ಮನಿಗೆ ಫೋನ್ ಮಾಡಿ "ನಿಮ್ಮ ಮಗಳಿಗೆ ಮನೆಯಲ್ಲಿ ಏನಾದರೂ ತೊಂದರೆ ಇದೆಯಾ" ಅಂತ ಕೇಳಿದ್ದರು.

2007ರ ಮಾರ್ಚ್ 17, ಬೆಂಗಳೂರು ಅರಮನೆ ಮೈದಾನ. ಮೇಡನ್ ಮೊದಲ ಸಲ ಇಂಡಿಯಾಗೆ ಬಂದ ದಿನ. ದಾವಣಗೆರೆಯಿಂದ ಬೆಳಗಿನ ಬಸ್ಸಿಗೆ ನಾಲ್ಕು ಜನ ಹೊರಟೆವು. ನಾನು ಮೊಬೈಲಿನಲ್ಲಿ ಪೂರ್ತಿ ಒಂದು ಹಾಡು ರೆಕಾರ್ಡ್ ಮಾಡಿದೆ. ರೂಮಿಗೆ ಬಂದು ಕೇಳಿದರೆ ಹಿಟ್ಟಿನ ಗಿರಣಿ ಓಡುವ ಸದ್ದು. ಗರ್ರ್ ಅಂತ ಒಂದೇ ಸಮ. ಆಮೇಲೆ ಗೊತ್ತಾಯಿತು, ಆ ಕಾಲದ ಫೋನುಗಳು ಎಎಂಆರ್ ಅನ್ನುವ ರೀತಿಯಲ್ಲಿ ಸೇವ್ ಮಾಡುತ್ತಿದ್ದವು, ಅದು ಮಾತಿಗೆ ಅಂತ ಮಾಡಿದ್ದು, ಸೆಕೆಂಡಿಗೆ ಸದ್ದಿನ ಎಂಟು ಸಾವಿರ ಸ್ಯಾಂಪಲ್, ಅಂದರೆ ತುಣುಕು, ಅಷ್ಟೇ. ಸಿಡಿಯಲ್ಲಿ 44,100 ಇರುತ್ತದೆ. ಮೇಲಿನ ಸ್ವರ ಎಲ್ಲಾ ಕತ್ತರಿಸಿ ಹೋಗಿ, ಉಳಿದದ್ದು ಗಿರಣಿ. ಆದರೂ ಆ ಫೈಲ್ ಅಳಿಸಿಲ್ಲ, ಫೋನ್ ಆರು ಸಲ ಬದಲಾಗಿದೆ. ಅದರಲ್ಲಿ ನನ್ನ ಪಕ್ಕ ನಿಂತಿದ್ದ ಯಾರೋ ಒಬ್ಬ "ಅಮ್ಮಾ" ಅಂತ ಕೂಗಿದ್ದಾನೆ, ಖುಷಿಗೋ ಕಾಲು ತುಳಿಸಿಕೊಂಡೋ ಗೊತ್ತಿಲ್ಲ.

ನನ್ನ ಇಷ್ಟದ ಲೈವ್ ಆಲ್ಬಂ ಮೇಡನ್‌ನವರದೇ ರಾಕ್ ಇನ್ ರಿಯೋ, ಬ್ರೆಜಿಲ್‌ನದ್ದು. 2001ರ ಜನವರಿ 19, ಸುಮಾರು ಎರಡೂವರೆ ಲಕ್ಷ ಜನ. ಫಿಯರ್ ಆಫ್ ದ ಡಾರ್ಕ್ ಶುರುವಿನ ಗಿಟಾರ್ ಇದೆಯಲ್ಲ, ಅದಕ್ಕೆ ಸಾಹಿತ್ಯವೇ ಇಲ್ಲ, ಜನ ಗಿಟಾರನ್ನೇ ಹಾಡುತ್ತಾರೆ. ಸ್ಟುಡಿಯೋದ್ದು ಕೇಳಿದರೆ ಈಗ ಏನೋ ಕಮ್ಮಿ ಅನಿಸುತ್ತದೆ. ಹಾಡಿನ ಅರ್ಧ ಜನ ಬರೆದಂಗಾಗಿದೆ. ಇನ್ನೊಂದು, ಅವರದೇ ಫ್ಲೈಟ್ 666 ಅಂತ ಬಂತಲ್ಲ, ಒಂದೊಂದು ಹಾಡು ಒಂದೊಂದು ಊರಿಂದ. ಅದರ ಮೊದಲ ಹಾಡು 2008ರ ಮುಂಬೈದ್ದು. ನಮ್ಮ ಜನದ ಕೂಗು ಸಿಡಿಯಲ್ಲಿ ಅಚ್ಚಾಗಿ ಬಂತು ಅಂತ ಆವತ್ತು ಸಿಹಿ ಹಂಚಿದ್ದೆ.

ಸ್ಟುಡಿಯೋ ಪಕ್ಷ

ಬೇಜಾರು ಮಾಡ್ಕೋಬೇಡಿ, ತಣ್ಣೀರು ಎರಚುತ್ತೇನೆ. ನೀವು ಲೈವ್ ಅಂತ ಕೇಳುತ್ತಿರುವುದು ಎಷ್ಟು ಲೈವ್? ಥಿನ್ ಲಿಝಿ ಬ್ಯಾಂಡಿನ ಲೈವ್ ಅಂಡ್ ಡೇಂಜರಸ್, 1978. ಪ್ರೊಡ್ಯೂಸರ್ ಟೋನಿ ವಿಸ್ಕಾಂಟಿ ಮುಕ್ಕಾಲು ಪಾಲು ಸ್ಟುಡಿಯೋದಲ್ಲಿ ಮತ್ತೆ ಬಾರಿಸಿದ್ದು ಅಂದರು. ಬ್ಯಾಂಡಿನವರು ಇಲ್ಲ ಇಲ್ಲ ಅಂದರು. ಯಾರು ನಿಜವೋ, ಒಟ್ಟಿನಲ್ಲಿ ತೇಪೆ ಇದೆ. ಕಿಸ್ ಬ್ಯಾಂಡಿನವರ ಅಲೈವ್ ಕೂಡ ಅಷ್ಟೇ. ಮೋಸ ಹೋಗುವುದಕ್ಕಿಂತ ನೇರವಾಗಿ ಸ್ಟುಡಿಯೋ ಕೇಳೋದು ಮರ್ಯಾದೆ ಅಲ್ವಾ? ಲೈವ್ ಹೆಸರಲ್ಲಿ ಶೃತಿ ತಪ್ಪಿದ ಹಾಡು, ಹತ್ತು ನಿಮಿಷ ಡ್ರಮ್ಮು, ನಡುವೆ "ಹಲೋ ಕ್ಲೀವ್‌ಲ್ಯಾಂಡ್" ಅಂತ ಊರಿನ ಹೆಸರು ಹಿಡಿದು ಕೂಗು. ಸಾಕಪ್ಪಾ.

ಸಿ60

ತೇಪೆ ವಿಷಯ ಒಪ್ಪಿದೆ. ನನಗೂ ಲೈವ್ ಅಂಡ್ ಡೇಂಜರಸ್ ಇಷ್ಟ, ಆ ಸುದ್ದಿ ಗೊತ್ತಾದ ದಿನ ಕಳ್ಳ ಸಾಕ್ಷಿ ಹೇಳಿದ ಗೆಳೆಯನನ್ನ ನೋಡಿದ ಹಾಗೆ ಆಯಿತು. ಆದರೆ ಎಲ್ಲರನ್ನೂ ಅದೇ ಚೀಲಕ್ಕೆ ಹಾಕಬೇಡಿ.

ದ ಹೂ ಬ್ಯಾಂಡಿನ ಲೈವ್ ಅಟ್ ಲೀಡ್ಸ್ ತಗೊಳ್ಳಿ. 1970ರ ಫೆಬ್ರವರಿ 14, ಲೀಡ್ಸ್ ಯೂನಿವರ್ಸಿಟಿಯ ಊಟದ ಹಾಲ್. ಟೇಪಿನಲ್ಲಿ ಚಟಪಟ ಸದ್ದು ಬಂದಿತ್ತು. ತೆಗೆಯೋಕಾಗಲಿಲ್ಲ. ಏನು ಮಾಡಿದರು? ಸದ್ದು ಇರುವುದು ಸರಿಯಾಗೇ ಇದೆ, ತಿದ್ದಬೇಡಿ ಅಂತ ಡಿಸ್ಕಿನ ಲೇಬಲ್ ಮೇಲೆ ಕೈಬರಹದಲ್ಲೇ ಹಾಕಿಬಿಟ್ಟರು. ಕವರು ಕೂಡ ಕಳ್ಳ ರೆಕಾರ್ಡಿನ ಥರ, ರಟ್ಟಿನ ಬಣ್ಣ, ಮೇಲೊಂದು ಸೀಲು. ಮಾರನೇ ದಿನ ಹಲ್ ಊರಿನಲ್ಲೂ ರೆಕಾರ್ಡ್ ಮಾಡಿದರು, ಬಾರಿಸಿದ್ದೇನೋ ಚೆನ್ನಾಗೇ ಇತ್ತಂತೆ, ಶುರುವಿನ ಕೆಲವು ಹಾಡಿಗೆ ಬೇಸ್ ಗಿಟಾರ್ ಟೇಪಿಗೇ ಬಿದ್ದಿರಲಿಲ್ಲ. ನಲವತ್ತು ವರ್ಷ ಆದಮೇಲೆ ಅದನ್ನ ಹೊರಗೆ ತಂದಾಗ ಲೀಡ್ಸಿನ ಬೇಸ್ ತಂದು ಹಲ್‌ಗೆ ಹೊಲಿದರು. ಇದೂ ತೇಪೆಯೇ. ಆದರೆ ಅದೇ ಮನುಷ್ಯ, ಅದೇ ಹಾಡು, ಹಿಂದಿನ ರಾತ್ರಿಯದ್ದು. ಈ ತೇಪೆಗೆ ನನ್ನ ಮಾಫಿ ಇದೆ.

ಅದಕ್ಕೂ ಮೊದಲು ಇದೇ ಬ್ಯಾಂಡಿನ ಅಮೆರಿಕದ ಊರೂರಿನ ಕಾರ್ಯಕ್ರಮ ರೆಕಾರ್ಡ್ ಆಗಿದ್ದವು. ಗಂಟೆಗಟ್ಟಲೆ ಟೇಪು ಕೂತು ಕೇಳಿ ಯಾರು ಆರಿಸೋದು ಅಂತ ಅದರ ಗಿಟಾರಿನವರು ಪೀಟ್ ಟೌನ್‌ಸೆಂಡ್ ಎಲ್ಲವನ್ನೂ ಸುಟ್ಟುಹಾಕಲು ಹೇಳಿದರು. ಇದನ್ನ ಓದಿದ ದಿನ ರಾತ್ರಿ ನನಗೆ ಊಟ ಸೇರಲಿಲ್ಲ. ನಿಜವಾಗಿ.

ಇನ್ನು ಹತ್ತು ನಿಮಿಷ ಡ್ರಮ್ಮು. ನಮ್ಮಜ್ಜ ಕಂಪನಿ ನಾಟಕದ ಹುಚ್ಚ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಊರಲ್ಲಿ ಟೆಂಟ್ ಹಾಕಿದರೆ ಅಜ್ಜನಿಗೆ ಮನೆ ನೆನಪಿರುತ್ತಿರಲಿಲ್ಲ. ಒಂದು ರಂಗಗೀತೆ ಚೆನ್ನಾಗಿ ಬಂದರೆ "ಒನ್ಸ್ ಮೋರ್" ಕೂಗೋದು, ನಟ ಸತ್ತು ಬಿದ್ದಿದ್ದರೂ ಎದ್ದು ಇನ್ನೊಂದು ಸಲ ಹಾಡಿ ಮತ್ತೆ ಸಾಯೋದು. ಎರಡನೇ ಸಲ ಹಾಡಿದ್ದು ಮೊದಲಿನ ಥರ ಇರುತ್ತಿರಲಿಲ್ಲವಂತೆ, ಒಂದು ಎಳೆ ಜಾಸ್ತಿ, ಒಂದು ತಿರುವು ಹೊಸದು. ಅಜ್ಜ ಕಾಯುತ್ತಿದ್ದದ್ದೇ ಆ ಎರಡನೆಯದಕ್ಕೆ. ನನಗೆ ಲೈವ್ ಹುಚ್ಚು ರಕ್ತದಲ್ಲೇ ಬಂದಿದೆ, ಹಾಡು ಬದಲಾಯಿತು ಅಷ್ಟೇ.

ದುರ್ಗದ ಕಲ್ಲು, ಚಿತ್ರದುರ್ಗ

ಸ್ಟುಡಿಯೋ ಪಕ್ಷದ ಸಾಹೇಬರಿಗೆ ಒಂದು ಪ್ರಶ್ನೆ. ಪಿಂಕ್ ಫ್ಲಾಯ್ಡ್ ಬ್ಯಾಂಡಿನವರು 1971ರ ಅಕ್ಟೋಬರಿನಲ್ಲಿ ಇಟಲಿಯ ಪಾಂಪೆಯ ಹಾಳು ಬಿದ್ದ ಬಯಲು ರಂಗಮಂದಿರದಲ್ಲಿ ಬಾರಿಸಿದರಲ್ಲ, ಕ್ಯಾಮೆರಾದವರು ಬಿಟ್ಟರೆ ಪ್ರೇಕ್ಷಕರು ಅಂತ ಇರಲೇ ಇಲ್ಲ. ಅದು ಲೈವಾ, ಸ್ಟುಡಿಯೋನಾ? ನನ್ನ ಪ್ರಕಾರ ಲೈವ್. ಚಪ್ಪಾಳೆ ಇಲ್ಲ, ಆದರೆ ಜಾಗ ಇದೆ. ಗಾಳಿ ಇದೆ, ಕಲ್ಲಿದೆ.

ನಾನು ಕೋಟೆ ಹತ್ತುವಾಗ ಇಯರ್‌ಫೋನಿನಲ್ಲಿ ಅದನ್ನೇ ಹಾಕುತ್ತೇನೆ. ಏಳು ಸುತ್ತು, ಬಂಡೆ ಮೇಲೆ ಬಂಡೆ, ಸಂಜೆ ಐದರ ಮೇಲೆ ಜನ ಇಳಿದು ಹೋಗಿರುತ್ತಾರೆ. ಒಂದು ಬಂಡೆ ಸಂದಿಯಲ್ಲಿ ಚಪ್ಪಾಳೆ ತಟ್ಟಿದರೆ ಎರಡು ಸಲ ವಾಪಸ್ ಬರುತ್ತದೆ. ಯಾರಾದರೂ ಇಲ್ಲಿ ಆಂಪ್ಲಿಫೈಯರ್ ತಂದಿಟ್ಟು ಬಾರಿಸಬಾರದಾ ಅನಿಸುತ್ತದೆ. ಪುರಾತತ್ವ ಇಲಾಖೆಯವರು ಬಿಡಲ್ಲ, ಬಿಡಲೂಬಾರದು, ಕಲ್ಲು ನಡುಗೀತು. ಸುಮ್ನೆ ಆಸೆ.

ಸ್ಟುಡಿಯೋ ಪಕ್ಷ

ಜನ ಇಲ್ಲದ ಮೇಲೆ ಅದು ಬಯಲಲ್ಲಿ ಮಾಡಿದ ಸ್ಟುಡಿಯೋ. ಕೇಸ್ ಮುಗೀತು.

ಎರಡನೇ ಸಾಲಿನವಳು

ಮುಗೀಲಿಲ್ಲ. ಜನ ಇದ್ದರೂ ಸ್ಟುಡಿಯೋ ಆಗಬಹುದು. ಈಗಲ್ಸ್ ಬ್ಯಾಂಡಿನವರ ಹೆಲ್ ಫ್ರೀಝಸ್ ಓವರ್, 1994. ಮಾಡಿದ್ದು ಟಿವಿ ಕಾರ್ಯಕ್ರಮಕ್ಕೆ ಅಂತ ಸ್ಟುಡಿಯೋದಲ್ಲಿ, ಎದುರಿಗೆ ಜನ ಕೂರಿಸಿ. ಅದರ ಹೋಟೆಲ್ ಕ್ಯಾಲಿಫೋರ್ನಿಯಾ ಕೇಳದೆ ಕರ್ನಾಟಕದಲ್ಲಿ ಯಾರಾದರೂ ಹೋಮ್ ಥಿಯೇಟರ್ ತಗೊಂಡಿದ್ದಾರಾ? ಪಿ.ಬಿ. ರೋಡಿನ ಯಾವ ಅಂಗಡಿಗೆ ಹೋದರೂ ಅದೇ ಡಿವಿಡಿ. ಅಂಗಡಿ ಹುಡುಗನಿಗೆ ಆ ದುಮ್ ದುಮ್ ಬೇಸು ಮುಖ್ಯ. ನನಗೆ ಮುಖ್ಯ ಬೇರೆ. ಶುರುವಿನಲ್ಲಿ ಬೇರೆಯದೇ ಗಿಟಾರ್ ಬಾರಿಸುತ್ತಾರೆ, ಜನಕ್ಕೆ ಯಾವ ಹಾಡು ಅಂತ ಗೊತ್ತಾಗಲ್ಲ. ಆಮೇಲೆ ಹಳೇ ಎಳೆ ಬರುತ್ತದೆ, ಓ ಅಂತ ಎಲ್ಲರೂ ಒಟ್ಟಿಗೆ. ಆ "ಓ" ಇದೆಯಲ್ಲ, ಗುರುತು ಸಿಕ್ಕ "ಓ", ಅದಕ್ಕೇ ನಾನು ಲೈವ್ ಕೇಳೋದು.

ಬೆಣ್ಣೆ ಖಾಲಿ

ಮ್ಯಾಂಚೆಸ್ಟರ್ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೇನೆ. ಜಾನಪದ ಶೈಲಿಯ ಹಾಡುಗಾರ ಅಂತ ಹೆಸರಾಗಿದ್ದ ಬಾಬ್ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದಿದ್ದಕ್ಕೆ ಒಬ್ಬ ಜನದ ನಡುವಿಂದ "ಜೂಡಸ್", ಅಂದರೆ ಏಸುವಿಗೆ ಬಗೆದ ಥರದ ದ್ರೋಹಿ, ಅಂತ ಕೂಗಿದ ಆ ಪ್ರಸಿದ್ಧ ಟೇಪು. ವರ್ಷಗಟ್ಟಲೆ ಕಳ್ಳ ಮಾರ್ಕೆಟ್ಟಿನಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್ ಅಂತ ಹೆಸರು ಹಾಕಿ ಓಡಾಡಿತು. ನಿಜವಾಗಿ ಅದು 1966ರ ಮೇ 17, ಮ್ಯಾಂಚೆಸ್ಟರಿನ ಫ್ರೀ ಟ್ರೇಡ್ ಹಾಲ್. 1998ರಲ್ಲಿ ಕಂಪನಿಯೇ ಅಧಿಕೃತವಾಗಿ ತಂದಾಗಲೂ ಕವರಿನ ಮೇಲೆ ರಾಯಲ್ ಆಲ್ಬರ್ಟ್ ಹಾಲ್ ಅಂತಲೇ ಇತ್ತು, ಉದ್ಧರಣ ಚಿಹ್ನೆ ಒಳಗೆ. ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಕರೆಸಿಕೊಂಡು, ಮಿಲ್ಲು ಒಂದೊಂದೇ ಬೀಗ ಹಾಕಿದ್ದನ್ನ ನೋಡಿದ ನಮ್ಮೂರಿನವರಿಗೆ ಇದರ ನೋವು ಗೊತ್ತು. ಮಾಡಿದ್ದು ಮ್ಯಾಂಚೆಸ್ಟರ್, ಹೆಸರು ರಾಜಧಾನಿಗೆ.

ಪ್ಲೇಲಿಸ್ಟ್ ಹುಡುಗ

ಅಂಕಲ್, ನಾನು ಹುಟ್ಟಿದ್ದೇ 2003. ಕ್ಯಾಸೆಟ್ ನೋಡಿದ್ದೇನೆ, ಮುಟ್ಟಿಲ್ಲ. ಎಲ್ಲಿಂದ ಶುರು ಮಾಡಲಿ? ಗ್ರೇಟ್‌ಫುಲ್ ಡೆಡ್ ಅಂತ ಅಮೆರಿಕದ ಬ್ಯಾಂಡು ಹುಡುಕಿದೆ, ಸಾವಿರಗಟ್ಟಲೆ ಶೋ ಬಂದವು, ಗಾಬರಿಯಾಗಿ ಮುಚ್ಚಿದೆ.

ಸಿ60

ಅಂಕಲ್ ಅಂದದ್ದಕ್ಕೆ ಕ್ಷಮಿಸಿದ್ದೇನೆ. ಡೆಡ್ ಗಾಬರಿ ಎಲ್ಲರಿಗೂ ಆಗುತ್ತದೆ. ಅವರು ಬೇರೆಯವರ ಹಾಗಲ್ಲ, ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳೋಕೆ ಜನಕ್ಕೆ ಬಿಡುತ್ತಿದ್ದರು. ಮೈಕಿನ ಕಂಬಗಳು ಜಾಸ್ತಿಯಾಗಿ ಹಿಂದಿನವರಿಗೆ ಸ್ಟೇಜೇ ಕಾಣದಂಗಾದಾಗ 1984ರಲ್ಲಿ ರೆಕಾರ್ಡ್ ಮಾಡುವವರಿಗೆ ಅಂತ ಬೇರೆ ಜಾಗ, ಬೇರೆ ಟಿಕೆಟ್ ಮಾಡಿದರು. ಆ ಟೇಪುಗಳನ್ನ ಮಾರಬಾರದು, ಹಂಚಿಕೊಳ್ಳಬಹುದು. ಕೇಳಿದವರು ಖಾಲಿ ಕ್ಯಾಸೆಟ್ಟು ಮತ್ತೆ ಅಂಚೆ ಖರ್ಚು ಕಳಿಸಬೇಕು, ಅಷ್ಟೇ. ನಮ್ಮ ಕಡೆ ಯಕ್ಷಗಾನ, ತಾಳಮದ್ದಳೆಯವರು ಟೇಪ್ ಮಾಡಿಕೊಂಡು ಹಂಚಿಕೊಳ್ಳುತ್ತಿದ್ದರಲ್ಲ, ಅದೇ ಪದ್ಧತಿ.

ನೀನು 1977ರ ಮೇ 8ರಿಂದ ಶುರು ಮಾಡಪ್ಪ. ಕಾರ್ನೆಲ್ ಯೂನಿವರ್ಸಿಟಿಯ ಬಾರ್ಟನ್ ಹಾಲ್. ಮೇ ತಿಂಗಳಲ್ಲಿ ಹಿಮ ಬಿದ್ದ ದಿನ. ರೆಕಾರ್ಡ್ ಮಾಡಿದ್ದು ಬ್ಯಾಂಡಿನ ಕಡೆಯವರೇ, ಬೆಟ್ಟಿ ಕ್ಯಾಂಟರ್ ಜಾಕ್ಸನ್ ಅಂತ ಒಬ್ಬ ಹೆಣ್ಣುಮಗಳು, ಅವರ ಕಿವಿ ಅಂದರೆ ಕಿವಿ. ಆಮೇಲೆ ಅವರಿಗೆ ಕಷ್ಟ ಬಂದು ಬಾಡಿಗೆ ಗೋದಾಮಿನಲ್ಲಿಟ್ಟಿದ್ದ ಟೇಪುಗಳು ಬಾಡಿಗೆ ಕಟ್ಟದೆ 1986ರಲ್ಲಿ ಹರಾಜಾದವು. ಅವು ಕೈಯಿಂದ ಕೈಗೆ ಹೋಗಿ ಊರೆಲ್ಲ ಕಾಪಿಯಾಗಿ, ಕೊನೆಗೆ ಅಧಿಕೃತ ಸಿಡಿ ಬಂದಿದ್ದು 2017ರಲ್ಲಿ, 40 ವರ್ಷ ಆದಮೇಲೆ.

ಅದಾದಮೇಲೆ ಆಲ್ಮನ್ ಬ್ರದರ್ಸ್ ಬ್ಯಾಂಡು, ನ್ಯೂಯಾರ್ಕಿನ ಫಿಲ್‌ಮೋರ್ ಈಸ್ಟ್ ಹಾಲ್, 1971ರ ಮಾರ್ಚ್. ಕೊನೆಯ ಹಾಡು 23 ನಿಮಿಷ. ರಾತ್ರಿ ದೀಪ ಆರಿಸಿ ಕೇಳು. ಗಿಟಾರಿನ ಡುವೇನ್ ಆಲ್ಮನ್‌ಗೆ ಆಗ 24 ವರ್ಷ, ನಿನಗಿಂತ ಸ್ವಲ್ಪ ಹೆಚ್ಚು ಕಮ್ಮಿ. ಅದೇ ಅಕ್ಟೋಬರಿನಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಹೋದ. ಕೇಳುವಾಗ ಅದು ಮರೆತಿರು, ಬಾರಿಸುವಾಗ ಅವನಿಗೂ ಗೊತ್ತಿರಲಿಲ್ಲ.

ರಿಪೇರಿಯವ, ದಾವಣಗೆರೆ

ಹಳೇ ಬಸ್ ಸ್ಟ್ಯಾಂಡ್ ಹತ್ತಿರ 22 ವರ್ಷ ಟೇಪ್ ರೆಕಾರ್ಡರ್ ರಿಪೇರಿ ಮಾಡಿದವನು ನಾನು. ಈಗ ಮಿಕ್ಸಿ. ಸಿ60 ಅವರೇ, ನಿಮ್ಮ ಡಬ್ಬಿಯಲ್ಲಿ ಇರುವುದೆಲ್ಲಾ ಇವತ್ತು ಒಳ್ಳೆ ಕ್ವಾಲಿಟಿಯಲ್ಲಿ ಸಿಗುತ್ತದೆ. ಮೇಡ್ ಇನ್ ಜಪಾನ್ ಅಂತೂ 1993ರಲ್ಲೇ ಮೂರೂ ರಾತ್ರಿಯದ್ದು ಮೂರು ಸಿಡಿ ಸೆಟ್ ಬಂದಿದೆ. ಮೈಕಿನಲ್ಲಿ ಹಿಡಿದ ಕಾಪಿ ಇಟ್ಟುಕೊಂಡು ಏನು ಮಾಡ್ತೀರಿ? ಫಂಗಸ್ ಬಂದಿರುತ್ತದೆ, ಒಂದು ಹಾಕಿದರೆ ಟೇಪ್ ಓದುವ ಹೆಡ್ಡಿಗೂ ಅಂಟಿ ಇನ್ನೊಂದಕ್ಕೂ ಹೋಗುತ್ತದೆ. ಎಸೀರಿ.

ಸಿ60

ಸರ್, ಎಸೆಯೋದಾಗಿದ್ದರೆ ಎಸೆಯುತ್ತಿದ್ದೆ. ಮೇಲೆ ಒಂದು ವಿಷಯ ಬರೆದಿರಲಿಲ್ಲ.

ರೆಕಾರ್ಡ್ ಮಾಡುವಾಗ ಅಜ್ಜ ಪಡಸಾಲೆಯಲ್ಲೇ ಕೂತಿದ್ದರು, ಎಲೆ ಅಡಿಕೆ ಕುಟ್ಟುತ್ತಾ. ಕುಟ್ಟೋ ಸದ್ದೂ ಇದೆ, ತಾಳಕ್ಕೆ ಸೇರಲ್ಲ. ಎರಡನೇ ಹಾಡಿನಲ್ಲಿ ಗಿಲನ್ ಕಿರುಚುತ್ತಾನಲ್ಲ, ಮೇಲಿಂದ ಮೇಲೆ ಏರುತ್ತಾ, ಅಲ್ಲಿ ಅಜ್ಜನ ದನಿ ಬಿದ್ದಿದೆ. "ಯಾಕೋ ತಮ್ಮಾ, ಅವನಿಗೆ ಹೊಟ್ಟೆ ನೋವೇನೋ?" ಅಂತ. ಆಮೇಲೆ ಕೆಮ್ಮು.

ಅಜ್ಜ 1994ರಲ್ಲಿ ಹೋದರು. ಫೋಟೋ ಮೂರಿವೆ. ದನಿ ಅಂತ ಇರುವುದು ಇದೊಂದೇ. ಎಂಟು ವರ್ಷದಿಂದ ಹಾಕಿಲ್ಲ, ಹೋದ ಸಲ ಹಾಕಿದಾಗ ಕೀ ಅಂತ ಕೂಗಿ ಸುತ್ತಿಕೊಳ್ಳೋಕೆ ಶುರುವಾಯಿತು, ಗಾಬರಿಯಾಗಿ ತೆಗೆದೆ.

ರಿಪೇರಿಯವ

ಮೊದಲೇ ಹೇಳಬಾರದೇನ್ರಿ.

ಹಾಕಬೇಡಿ. ಪೆನ್ಸಿಲ್ ಹಾಕಿ ತಿರುಗಿಸಲೂ ಬೇಡಿ. ನಿಮ್ಮದು ಅಂಟಿಸಿದ ಡಬ್ಬಿಯದ್ದೋ, ನಾಲ್ಕೈದು ಸ್ಕ್ರೂ ಇರುವುದೋ ನೋಡಿ. ಅಂಟಿಸಿದ್ದಾದರೆ ಬಿಚ್ಚಿ, ಟೇಪನ್ನ ಸ್ಕ್ರೂ ಇರುವ ಬೇರೆ ಡಬ್ಬಿಗೆ ಹಾಕಬೇಕು. ಬಾಯಿಯ ಹತ್ತಿರ ತಾಮ್ರದ ಪಟ್ಟಿ ಮೇಲೆ ಒಂದು ಸಣ್ಣ ಪ್ಯಾಡ್ ಇರುತ್ತದೆ, ಅದು ಉದುರಿದ್ದರೆ ದನಿ ಮಂಕಾಗುತ್ತದೆ. ಅದನ್ನೂ ಹಾಕುತ್ತೇನೆ. ಅರವತ್ತು ನಿಮಿಷದ್ದು ಅಂದರೆ ಪುಣ್ಯ, ತೊಂಬತ್ತು ನಿಮಿಷದ ಟೇಪಿಗಿಂತ ದಪ್ಪ, ಬೇಗ ಹರಿಯಲ್ಲ. ಉದ್ದ ಸುಮಾರು 86 ಮೀಟರ್, ಸೆಕೆಂಡಿಗೆ 4.76 ಸೆಂಟಿಮೀಟರ್ ಓಡುತ್ತದೆ, ಒಂದು ಇಂಚು ಹರಿದರೂ ಅರ್ಧ ಸೆಕೆಂಡು ಹೋಯಿತು ಅಂತ ಲೆಕ್ಕ. ಭಾನುವಾರ ಬೆಳಿಗ್ಗೆ ತಗೊಂಡು ಬನ್ನಿ, ಬಸ್ ಸ್ಟ್ಯಾಂಡ್ ಎದುರು ನಿಂತಿರುತ್ತೇನೆ. ಒಂದು ಖಾಲಿ ಸ್ಕ್ರೂ ಕ್ಯಾಸೆಟ್ಟೂ ತನ್ನಿ.

ಬೆಣ್ಣೆ ಖಾಲಿ

ದೋಸೆ ನನ್ನ ಲೆಕ್ಕದಲ್ಲಿ. ಆದರೆ ತಿಂದಮೇಲೆ ಕೈ ತೊಳೆದೇ ಟೇಪ್ ಮುಟ್ಟಬೇಕು.

ರಿಪೇರಿಯವ (ಮೂರು ವಾರದ ನಂತರ)

ಇಲ್ಲಿ ಕೇಳಿದವರಿಗೆ ವರದಿ. ಫಂಗಸ್ ಅಂಚಿನಲ್ಲಿ ಮಾತ್ರ ಇತ್ತು, ಒರೆಸಿದೆ. ಡಬ್ಬಿ ಬದಲಾಯಿಸಿದೆ. ಹೆಡ್ ಪಕ್ಕದ ಸಣ್ಣ ಸ್ಕ್ರೂ ಅವರ ಟೇಪಿಗೆ ತಕ್ಕ ಹಾಗೆ ತಿರುಗಿಸಿದೆ, ಅಜಿಮತ್ ಅಂತಾರೆ, ಓರೆ ಸರಿಹೋದ ತಕ್ಷಣ ಕಂಬಳಿ ತೆಗೆದ ಹಾಗೆ ದನಿ ಬಿಚ್ಚಿಕೊಂಡಿತು. ಮಗನ ಲ್ಯಾಪ್‌ಟಾಪಿನಲ್ಲಿ ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕಿ 24 ಬಿಟ್ಟಿನಲ್ಲಿ ಹಿಡಿದೆ. ಸುಸ್ ಅನ್ನೋ ಸದ್ದು ತೆಗೆದಿಲ್ಲ. ಅದನ್ನ ತೆಗೆಯೋಕೆ ಹೋದರೆ ಚಪ್ಪಾಳೆ ಮೊದಲು ಸಾಯುತ್ತದೆ, ಎರಡೂ ಒಂದೇ ಜಾತಿ ಸದ್ದು.

ಒಂದು ಸಮಸ್ಯೆ ಬಂದಿದೆ. ಸ್ಮೋಕ್ ಆನ್ ದ ವಾಟರ್ ಆಲ್ಬಮ್ಮಿನಲ್ಲಿ 7 ನಿಮಿಷ 36 ಸೆಕೆಂಡು. ಇವರದ್ದರಲ್ಲಿ 7 ನಿಮಿಷ 54. ಅಂದರೆ ನೂರಕ್ಕೆ ನಾಲ್ಕರಷ್ಟು ನಿಧಾನ, ಶೃತಿಯೂ ಅಷ್ಟು ಕೆಳಗೆ. ಸರಿಮಾಡೋದು ಒಂದು ಬಟನ್ ಕೆಲಸ. ಆದರೆ ನಿಧಾನ ಯಾವ ಮಷಿನ್ನಿದು? ಟೇಪಿನಲ್ಲಿ ಕರೆಂಟಿನ ಗುಂಯ್ ಸದ್ದು ಬಿದ್ದಿದೆ, ನೋಡಿದರೆ 50 ಹರ್ಟ್ಸ್, ಅಂದರೆ ನಮ್ಮ ಕರೆಂಟಿನ ಸರಿಯಾದ ಲೆಕ್ಕದ ಹತ್ತಿರವೇ ಇದೆ. ಆ ಕಾಲದಲ್ಲಿ ಕರೆಂಟೇ 49ರ ಕೆಳಗೆ ಇಳಿಯುತ್ತಿತ್ತು ಅಂದುಕೊಂಡರೂ ನೂರಕ್ಕೆ ನಾಲ್ಕು ತಾಳೆಯಾಗಲ್ಲ. ಅಂದರೆ ಹಿಡಿದ ಮಷಿನ್ ಸರಿ ಇತ್ತು, ಆ ಡಾಕ್ಟರ್ ಅಣ್ಣನ ಟೂ ಇನ್ ಒನ್ ಬೆಲ್ಟ್ ಸಡಿಲ ಆಗಿತ್ತು.

ಹಾಗಾಗಿ, ಡೀಪ್ ಪರ್ಪಲ್ ಸರಿ ಮಾಡಿದರೆ ಅಜ್ಜ ಕೀರಲು ಆಗುತ್ತಾರೆ. ಅಜ್ಜನ್ನ ಇದ್ದಂಗೆ ಬಿಟ್ಟರೆ ಗಿಲನ್ ಎಮ್ಮೆ ಥರ ಕೂಗುತ್ತಾನೆ. ಯಜಮಾನರು ಏನು ಹೇಳ್ತಾರೆ?

ಸ್ಟುಡಿಯೋ ಪಕ್ಷ

ಎರಡು ಕಾಪಿ ಮಾಡಿ ಸ್ವಾಮಿ. ಹೀಗೆ ಹೇಳಬೇಕಾಗಿ ಬಂತಲ್ಲ ನನಗೆ.

ಸಿ60

ಒಂದೇ ಸಾಕು. ಗಿಲನ್ ಎಮ್ಮೆ ಆಗಲಿ. ಹನ್ನೆರಡು ವರ್ಷ ನಾನು ಅವನ ದನಿ ಅದೇ ಅಂದುಕೊಂಡಿದ್ದೆ, 2003ರಲ್ಲಿ ಸಿಡಿ ಹಾಕಿದಾಗ ಇದೇನು ಇಷ್ಟು ಅವಸರ ಅಂತ ಅನಿಸಿತ್ತು. ಈಗ ಗೊತ್ತಾಯಿತು.

ಪ್ಲೇಲಿಸ್ಟ್ ಹುಡುಗ

ಅಂಕಲ್, ಕಾರ್ನೆಲ್ ಕೇಳಿದೆ. ಮೂರು ಸಲ. ನಿಮ್ಮ ಫೈಲೂ ಇಲ್ಲಿ ಹಾಕ್ತೀರಾ?

ಸಿ60

ಹಾಡು ಅವರದ್ದು, ಇಲ್ಲಿ ಹಾಕಂಗಿಲ್ಲ. ಮನೆಗೆ ಬಾ, ಕೇಳಿಸುತ್ತೇನೆ. ರೈಲ್ವೆ ಗೇಟ್ ಹಾಕಿರುತ್ತಾರೆ, ಸ್ವಲ್ಪ ಮುಂಚೆ ಹೊರಡು.

ರಿಪೇರಿಯವ

ಮರೆತಿದ್ದೆ, ಒಂದು ಕೇಳಬೇಕಿತ್ತು. ಎ ಸೈಡು 19 ನಿಮಿಷ 50 ಸೆಕೆಂಡಿನ ಹತ್ತಿರ, ಎರಡನೇ ಹಾಡು ಮುಗಿದು ಚಪ್ಪಾಳೆ ಬರುತ್ತದಲ್ಲ, ಅದರೊಳಗೆ ಯಾರೋ ಮೆಲ್ಲಗೆ ಏನೋ ಅಂದ ಹಾಗಿದೆ. ಹೆಡ್ ಸರಿ ಮಾಡೋಕೆ ಮುಂಚೆ ಕೇಳುತ್ತಿರಲಿಲ್ಲ. ಹೆಡ್‌ಫೋನ್ ಹಾಕಿ ನಾಲ್ಕು ಸಲ ಕೇಳಿದೆ. "ಒನ್ಸ್ ಮೋರ್" ಅಂದಂಗಿದೆ. ಜಪಾನಿನವರು ಹಾಗೆ ಕೂಗುತ್ತಾರಾ?

ಸಿ60

ಇಲ್ಲ ಸರ್. ಅವರು ಕೂಗಲ್ಲ.

ಈಗಲೇ ಹೊರಟೆ, ಅಂಗಡಿಯಲ್ಲೇ ಇರಿ.